ಗುಡ್ಡದ ದಿನ ಎಲ್ಲರಿಗಿಂತ ಹಿಂದೆ ಉಳಿದರೆ?

ಪ್ರಶ್ನೆ: ನನಗೆ 47 ವರ್ಷ. ಹನ್ನೆರಡು ಜನರ ಗುಂಪಿನ ಜೊತೆ ಏಳು ದಿನದ ಸೈಕಲ್ ಪ್ರವಾಸಕ್ಕೆ ಹೆಸರು ಕೊಟ್ಟಿದ್ದೇನೆ. ಸಮತಟ್ಟು ರಸ್ತೆಯಲ್ಲಿ ದಿನಕ್ಕೆ 90 ಕಿ.ಮೀ. ಆರಾಮಾಗಿ ಹೋಗುತ್ತೇನೆ. ಆದರೆ ನಾಲ್ಕನೇ ದಿನ ಪೂರ್ತಿ ಗುಡ್ಡ. ದೂರ 90 ಕಿ.ಮೀ., ಒಟ್ಟು ಏರು 1,500 ಮೀಟರ್. ಕಳೆದ ತಿಂಗಳು ಗುಂಪಿನ ಜೊತೆ ಅಭ್ಯಾಸಕ್ಕೆ ಹೋದಾಗ ಎಲ್ಲರ ಜೊತೆ ಹತ್ತಲು ನೋಡಿದೆ. ಅರ್ಧ ದಾರಿಯಲ್ಲೇ ಕಾಲು ಸೋತವು. ಮೇಲೆ ತಲುಪುವಷ್ಟರಲ್ಲಿ ಉಳಿದವರೆಲ್ಲ ಹೊರಟು ನಿಂತಿದ್ದರು. ಮೊಣಕಾಲು ಎರಡು ದಿನ ನೋಯುತ್ತಿತ್ತು. ನನ್ನ ಸೈಕಲ್‌ನ ಗೇರ್ ಚಕ್ರಗಳಿಗೆ ಮುಂದೆ 50 ಮತ್ತು 34 ಹಲ್ಲು, ಹಿಂದೆ 11ರಿಂದ 28. ನಾನು, ಸೈಕಲ್, ಚೀಲ ಎಲ್ಲ ಸೇರಿ 100 ಕೆ.ಜಿ. ನನ್ನಿಂದ ಗುಂಪಿಗೆ ತೊಂದರೆ ಬೇಡ ಅನ್ನಿಸುತ್ತದೆ. ಆ ಒಂದು ದಿನ ಬಸ್ಸಲ್ಲಿ ಹೋಗಿಬಿಡಲೇ?

ಉತ್ತರ: ಬಸ್ ಬೇಡ. ಸಮತಟ್ಟಿನಲ್ಲಿ 90 ಕಿ.ಮೀ. ಆರಾಮಾಗಿ ಹೋಗುವವರಿಗೆ ಈ ದಿನವೂ ಆಗುತ್ತದೆ. ಆದರೆ ಸಮತಟ್ಟಿನಲ್ಲಿ ಹೋದ ಹಾಗೆ ಹೋದರೆ ಆಗುವುದಿಲ್ಲ. ನೀವು ಬರೆದ ಒಂದು ಮಾತಿನಲ್ಲೇ ಕಾರಣ ಇದೆ: ‘ಎಲ್ಲರ ಜೊತೆ ಹತ್ತಲು ನೋಡಿದೆ.’ ಅದು ನಿಮ್ಮ ಕಾಲಿನ ತಪ್ಪಲ್ಲ. ಏರಿನಲ್ಲಿ ಗುಂಪು ಒಟ್ಟಿಗೆ ಹೋಗಲೇಬಾರದು. ಬಿಡಿಬಿಡಿಯಾಗಿ ಹತ್ತಬೇಕು, ಮೇಲೆ ಸೇರಬೇಕು. ನಾನು ಹದಿನೈದು ವರ್ಷದಿಂದ ಗುಂಪುಗಳ ಜೊತೆ ಪ್ರವಾಸ ಹೋಗುತ್ತಿದ್ದೇನೆ. ಹೆಚ್ಚಿನ ಸಲ ಕೊನೆಯವರ ಜೊತೆ ಬರುವ ಕೆಲಸ ನನ್ನದೇ. ಅಲ್ಲಿ ಕಲಿತದ್ದರಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಯಾಕೆ ಅಂತ ನೋಡಿ. ಸಮತಟ್ಟಿನಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ನಿಮ್ಮ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಮುಂದಿನವರ ಹಿಂದೆ ಹತ್ತಿರದಲ್ಲೇ ಇದ್ದರೆ ಸುಮಾರು ಕಾಲು ಭಾಗ ಶ್ರಮ ಉಳಿಯುತ್ತದೆ. ಹಾಗಾಗಿ ಸ್ವಲ್ಪ ನಿಧಾನದವರೂ ಗುಂಪಿನ ಜೊತೆ ಸಾಗಿಬಿಡುತ್ತಾರೆ. ಏರಿನಲ್ಲಿ ವೇಗ 6–7 ಕಿ.ಮೀ.ಗೆ ಇಳಿದಾಗ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಇರುವುದು ತೂಕ ಮಾತ್ರ. ಮುಂದಿನವರ ಬೆನ್ನು ನಿಮ್ಮ ತೂಕವನ್ನು ಹೊರುವುದಿಲ್ಲ, ಅಲ್ವಾ?

ಶೇ. 8ರ ಏರು ಅಂದುಕೊಳ್ಳಿ. ಅಂದರೆ 100 ಮೀಟರ್ ಮುಂದೆ ಹೋದರೆ 8 ಮೀಟರ್ ಮೇಲೆ. ನಿಮ್ಮ 100 ಕೆ.ಜಿ.ಯನ್ನು ಆ ರಸ್ತೆಯಲ್ಲಿ ಗಂಟೆಗೆ 6 ಕಿ.ಮೀ. ವೇಗದಲ್ಲಿ ಒಯ್ಯಲು ಸುಮಾರು 140 ವಾಟ್ ಬೇಕು. ಗಂಟೆಗೆ 8 ಕಿ.ಮೀ. ಆದರೆ 190 ವಾಟ್ ಹತ್ತಿರ. ವೇಗ ತೋರಿಸುವ ಮೀಟರ್‌ನಲ್ಲಿ ಕಾಣುವ ವ್ಯತ್ಯಾಸ ಎರಡೇ ಕಿಲೋಮೀಟರ್. ಕಾಲಿಗೆ ಮಾತ್ರ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕೆಲಸ. 140 ವಾಟ್‌ನಲ್ಲಿ ಗಂಟೆಗಟ್ಟಲೆ ಹೋಗುವವರು 190ರಲ್ಲಿ ಇಪ್ಪತ್ತು ನಿಮಿಷಕ್ಕೇ ಸುಸ್ತಾಗಬಹುದು. ಅಭ್ಯಾಸದ ದಿನ ನಿಮಗೆ ಆದದ್ದು ಇದೇ.

ಹಾಗಂತ ಬೇಗ ಹತ್ತುವವರನ್ನು ನಿಮ್ಮ ವೇಗಕ್ಕೆ ಕಟ್ಟಿಹಾಕುವುದೂ ಸರಿಯಲ್ಲ. ಅಷ್ಟು ನಿಧಾನಕ್ಕೆ ಅವರ ಗೇರ್ ಹೊಂದುವುದಿಲ್ಲ. ಹ್ಯಾಂಡಲ್ ಅತ್ತಿತ್ತ ಆಡುತ್ತದೆ, ಪಕ್ಕದವರಿಗೆ ತಗಲುತ್ತದೆ. ಅವರು ಮುಂದೆ ಹೋಗಲಿ. ಅದು ನಿಮ್ಮನ್ನು ಬಿಟ್ಟು ಹೋದ ಹಾಗಲ್ಲ.

ಏರು ಶುರುವಾದ ಮೊದಲ ಹತ್ತು ನಿಮಿಷವೇ ಇಡೀ ದಿನವನ್ನು ತೀರ್ಮಾನಿಸುತ್ತದೆ ಅಂತ ನಾನು ನಂಬಿದ್ದೇನೆ. ಆಗ ಕಾಲು ಹೊಸದಾಗಿರುತ್ತದೆ, ಮುಂದಿನವರು ಕಣ್ಣೆದುರೇ ದೂರ ಆಗುತ್ತಿರುತ್ತಾರೆ, ಮನಸ್ಸು ತಡೆಯುವುದಿಲ್ಲ. ಆಗಲೇ ತಡೆದುಕೊಳ್ಳಬೇಕು. ಪಕ್ಕದವರಿಗೆ ಒಂದು ಪೂರ್ತಿ ಮಾತು ಹೇಳಿ ನೋಡಿ. ‘ಇವತ್ತು ಮೋಡ ಇದೆ, ಬಿಸಿಲು ಬರೋ ಹಾಗೆ ಕಾಣ್ತಿಲ್ಲ’ ಅಂತ. ಮಧ್ಯೆ ಉಸಿರು ಎಳೆಯದೆ ಮುಗಿದರೆ ವೇಗ ಸರಿಯಾಗಿದೆ. ‘ಇವತ್ತು’ ಆದ ಮೇಲೆ ಒಂದು ಉಸಿರು, ‘ಮೋಡ’ ಆದ ಮೇಲೆ ಇನ್ನೊಂದು ಅಂತಾದರೆ ಒಂದು ಗೇರ್ ಇಳಿಸಿ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ನಿಮಗೇ ನೀವು ಹೇಳಿಕೊಳ್ಳಿ. ನಾನು ಹಾಗೇ ಮಾಡುತ್ತೇನೆ.

ಈಗ ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ನೋವಾದ ಭಾಗಕ್ಕೆ ಬರುತ್ತೇನೆ. ನೀವು ಮೇಲೆ ತಲುಪುವಷ್ಟರಲ್ಲಿ ಉಳಿದವರು ಹೊರಟು ನಿಂತಿದ್ದರು ಅಂದಿರಿ. ಇದನ್ನು ನಾನು ಬಹಳ ಸಲ ನೋಡಿದ್ದೇನೆ. ಒಂದು ಸಲ ಒಬ್ಬರು ಕೊನೆಯಲ್ಲಿ ಬಂದು ಒಂದು ಕಾಲು ನೆಲಕ್ಕೆ ಊರಿ ಬಾಟಲಿಗೆ ಕೈ ಹಾಕಿದ್ದರು. ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅಷ್ಟರಲ್ಲಿ ಯಾರೋ ‘ಎಲ್ಲ ಬಂದ್ರಾ? ಹೊರಡೋಣ’ ಅಂದರು. ಒಂದರ ಹಿಂದೊಂದು ಹೆಲ್ಮೆಟ್ ಬಕಲ್ ಟಕ್ ಟಕ್ ಅಂತ ಬಿದ್ದವು. ಅವರು ನೀರು ಕುಡಿಯದೆ ಬಾಟಲಿಯನ್ನು ಹಾಗೇ ಸಿಕ್ಕಿಸಿ ಪೆಡಲ್ ಮೇಲೆ ಕಾಲಿಟ್ಟರು. ಮುಂದಿನ ಏರಿನ ಅರ್ಧದಲ್ಲಿ ಅವರ ಮೀನಖಂಡ ಹಿಡಿದುಕೊಂಡಿತು. ರಸ್ತೆ ಪಕ್ಕ ಕೂತು ಕಾಲು ತಿಕ್ಕುತ್ತಾ ‘ನನ್ನಿಂದ ಎಲ್ಲರಿಗೂ ತೊಂದರೆ’ ಅಂದರು. ನಿಮ್ಮದೇ ಮಾತು. ತೊಂದರೆ ಕೊಟ್ಟದ್ದು ಅವರಲ್ಲ. ಮೊದಲು ಬಂದವರಿಗೆ ಇಪ್ಪತ್ತೈದು ನಿಮಿಷ ವಿಶ್ರಾಂತಿ ಸಿಕ್ಕಿತ್ತು, ಅವರಿಗೆ ಸೊನ್ನೆ. ಯಾರಿಗೆ ಜಾಸ್ತಿ ಬೇಕೋ ಅವರಿಗೇ ಏನೂ ಇಲ್ಲ.

ಇದನ್ನು ಸರಿಮಾಡುವುದು ಸುಲಭ. ವಿಶ್ರಾಂತಿಯ ಗಡಿಯಾರ ಕೊನೆಯವರು ಬಂದ ಮೇಲೆ ಶುರುವಾಗಬೇಕು. ಹತ್ತು ನಿಮಿಷ ಅಂದರೆ ಅವರ ಹತ್ತು ನಿಮಿಷ. ಮೊದಲು ಬಂದವರಿಗೆ ಮೈ ತಣ್ಣಗಾಗುತ್ತದೆ ಅನ್ನುವ ಚಿಂತೆ ಇದ್ದರೆ ಇಬ್ಬಿಬ್ಬರಾಗಿ ಮುಂದಿನ ನಿಲುಗಡೆಗೆ ಹೊರಡಲಿ, ಯಾರು ಹೋದರು ಅಂತ ಹೇಳಿ ಹೋಗಲಿ. ಇದಕ್ಕಿಂತ ನನಗೆ ಇಷ್ಟವಾದ ದಾರಿ ಇನ್ನೊಂದಿದೆ. ನಿಧಾನ ಹತ್ತುವವರು ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಹೊರಟುಬಿಡುವುದು. ಒಬ್ಬರೇ ಅಲ್ಲ, ಇಬ್ಬರು ಮೂವರು ಸೇರಿ. ಆಗ ಉಳಿದವರು ಏರಿನ ಮಧ್ಯದಲ್ಲೆಲ್ಲೋ ನಿಮ್ಮನ್ನು ದಾಟುತ್ತಾರೆ, ಕೈ ಬೀಸುತ್ತಾರೆ. ಮೇಲೆ ಎಲ್ಲರೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಇರುತ್ತೀರಿ. ‘ಇನ್ನೂ ಬಂದಿಲ್ಲವಾ’ ಅಂತ ಯಾರೂ ದಾರಿ ಕಾಯುವುದಿಲ್ಲ. ಮನಸ್ಸಿಗೆ ಇದು ಕೊಡುವ ನೆಮ್ಮದಿ ಸಣ್ಣದಲ್ಲ.

ಸೇರುವ ಜಾಗಗಳನ್ನು ಬೆಳಿಗ್ಗೆಯೇ ಎಲ್ಲರಿಗೂ ಹೇಳಿರಬೇಕು. ‘ಮೇಲೆ ಎಲ್ಲೋ ಸಿಗೋಣ’ ಅಂದರೆ ಸಾಲದು. ತಿರುವಿನಲ್ಲಿ ನಿಲ್ಲಬಾರದು, ರಸ್ತೆಯ ಟಾರಿನ ಮೇಲೆ ನಿಲ್ಲಬಾರದು. ದಾರಿ ಕವಲೊಡೆಯುವ ಕಡೆ ಒಬ್ಬರು ಇರಬೇಕು, ಹಿಂದಿನವರು ಕಣ್ಣಿಗೆ ಬಿದ್ದ ಮೇಲೆ ಅವರು ಹೊರಡಬೇಕು. ಗುಡ್ಡದಲ್ಲಿ ಫೋನ್ ಸಿಗ್ನಲ್ ನಂಬಿ ಗುಂಪನ್ನು ಬಿಡಬೇಡಿ. ಕೊನೆಯಲ್ಲಿ ಬರುವ ಸವಾರರು ಚೆನ್ನಾಗಿ ಹತ್ತುವವರೇ ಆಗಿರಬೇಕು. ಅವರ ಹತ್ತಿರ ಪಂಪು, ಟ್ಯೂಬು, ಚೈನ್ ಜೋಡಿಸುವ ಸಾಮಾನು ಇರಬೇಕು. ಅವರು ನಿಮ್ಮ ಪಕ್ಕ ಬಂದು ‘ಇನ್ನು ಸ್ವಲ್ಪವೇ, ಬನ್ನಿ ಬನ್ನಿ’ ಅಂತ ಹುರಿದುಂಬಿಸುತ್ತಿದ್ದರೆ, ದಯವಿಟ್ಟು ಐವತ್ತು ಮೀಟರ್ ಹಿಂದೆ ಇರಿ ಅಂತ ಹೇಳಿ. ತಪ್ಪೇನೂ ಇಲ್ಲ. ಬೇರೆಯವರ ಉಸಿರು ಪಕ್ಕದಲ್ಲೇ ಕೇಳುತ್ತಿದ್ದರೆ ನಮಗೆ ಗೊತ್ತಿಲ್ಲದೇ ವೇಗ ಏರುತ್ತದೆ.

ಮೊಣಕಾಲಿನ ವಿಷಯ. ಇಲ್ಲಿ ನನಗೆ ಅನುಮಾನ ಇರುವುದು ನಿಮ್ಮ ಗೇರ್ ಮೇಲೆ. ಮುಂದೆ 34, ಹಿಂದೆ 28 ಹಲ್ಲು ಅಂದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 6 ಕಿ.ಮೀ. ಅಂದರೆ ನಿಮಿಷಕ್ಕೆ 100 ಮೀಟರ್. ಅಲ್ಲಿಗೆ ನೀವು ನಿಮಿಷಕ್ಕೆ 39 ಸುತ್ತು ಮಾತ್ರ ತುಳಿಯುತ್ತಿದ್ದಿರಿ. ಅದು ತುಳಿಯುವುದಲ್ಲ, ಒಂದೊಂದು ಸಲವೂ ಭಾರ ಎತ್ತುವುದು. ಆ ಭಾರವೆಲ್ಲ ಬೀಳುವುದು ಮಂಡಿಚಿಪ್ಪಿನ ಹಿಂದೆ. ಹಿಂದೆ 34 ಹಲ್ಲಿನವರೆಗೆ ಹೋಗುವ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಜೋಡಣೆ) ಹಾಕಿಸಿದರೆ ಅದೇ ವೇಗಕ್ಕೆ 48 ಸುತ್ತು ಆಗುತ್ತದೆ. ಪ್ರವಾಸದ ಕೆಲವು ಸೈಕಲ್‌ಗಳಲ್ಲಿ ಮುಂದೆ 26 ಹಲ್ಲಿನ ಸಣ್ಣ ಚಕ್ರ ಇರುತ್ತದೆ. ಅದಿದ್ದರೆ 60 ದಾಟುತ್ತದೆ. ಚೀಲ ಹೊತ್ತು ಗುಡ್ಡ ಹತ್ತುವವರಿಗೆ ಮುಂದಿನ ಹಲ್ಲಿಗಿಂತ ಹಿಂದಿನ ಹಲ್ಲು ಜಾಸ್ತಿ ಇರುವ ಒಂದು ಗೇರ್ ಇರಲೇಬೇಕು ಅಂತ ನನ್ನ ಅಭಿಪ್ರಾಯ. ನಿಮ್ಮ ಡಿರೇಲರ್ (ಚೈನನ್ನು ಒಂದು ಗೇರ್ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಷ್ಟು ಹಲ್ಲಿನ ಚಕ್ರದವರೆಗೆ ಹೊಂದುತ್ತದೆ, ಚೈನ್ ಉದ್ದ ಸಾಲುತ್ತದಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಹೊರಡುವ ಹಿಂದಿನ ದಿನ ಅಲ್ಲ, ಎರಡು ಮೂರು ವಾರ ಮೊದಲೇ ಹಾಕಿಸಿ. ಸೀಟು ತಗ್ಗಿದ್ದರೂ ಮೊಣಕಾಲು ನೋಯುತ್ತದೆ, ಅದನ್ನೂ ನೋಡಿಸಿ.

ಗೇರ್ ಇಳಿಸುವುದು ಏರಿನ ಬುಡದಲ್ಲೇ, ಕಾಲಿಗೆ ಭಾರ ಬೀಳುವ ಮೊದಲೇ ಆಗಬೇಕು. ಜೋರಾಗಿ ತುಳಿಯುತ್ತಾ ಗೇರ್ ಬದಲಿಸಿದರೆ ಕರಕರ ಸದ್ದು ಬರುತ್ತದೆ, ಚೈನ್ ಬೀಳಬಹುದು, ಕಡಿಯಲೂಬಹುದು.

ತೂಕ ಇಳಿಸುವ ಬಗ್ಗೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿದರೆ, ಚೀಲದಿಂದ 5 ಕೆ.ಜಿ. ತೆಗೆದರೆ 1,500 ಮೀಟರ್ ಏರಿನಲ್ಲಿ ನಿಮಗೆ ಉಳಿಯುವುದು ಹತ್ತು ಹನ್ನೆರಡು ನಿಮಿಷ ಮತ್ತು ಒಂದು ಬಾಳೆಹಣ್ಣಿಗಿಂತ ಕಡಿಮೆ ಶಕ್ತಿ. ಬೇಡದ್ದನ್ನು ಬಿಟ್ಟು ಬನ್ನಿ, ಸರಿ. ಆದರೆ ಮಳೆ ಅಂಗಿ, ಇನ್ನೊಂದು ಟ್ಯೂಬು ಇವನ್ನು ತೂಕ ಅಂತ ಬಿಡಬೇಡಿ. ಖರ್ಚು ಮಾಡುವುದಿದ್ದರೆ ಹಗುರ ಸಾಮಾನಿಗಲ್ಲ, ಗೇರ್‌ಗೆ ಮಾಡಿ.

ಇಳಿದು ತಳ್ಳಲು ನಾಚಿಕೆ ಪಡಬೇಡಿ. 1910ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಮೊದಲ ಸಲ ಪಿರನೀಸ್ ಪರ್ವತದ ಟೂರ್ಮಲೆ ಅನ್ನುವ ಘಟ್ಟವನ್ನು ದಾಟಿತು. ಎತ್ತರ 2,115 ಮೀಟರ್. ಎಲ್ಲರಿಗಿಂತ ಮೊದಲು ಮೇಲೆ ತಲುಪಿದ ಒಕ್ತಾವ್ ಲಾಪಿಜ್ ದಾರಿಯಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆದಿದ್ದರು. ಆ ವರ್ಷದ ಟೂರ್ ಗೆದ್ದದ್ದೂ ಅವರೇ. ಆಗ ಅವರ ಸೈಕಲ್‌ಗಳಿಗೆ ಡಿರೇಲರ್ ಇರಲಿಲ್ಲ. ಆ ಸ್ಪರ್ಧೆಯಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಶೇ. 12ರಂಥ ಕಡಿದಾದ 300 ಮೀಟರ್ ತುಂಡು ಬಂದರೆ ನಡೆದು ಹೋಗಿ. ತುಳಿದು ಹೋದದ್ದಕ್ಕಿಂತ ಒಂದೆರಡು ನಿಮಿಷ ತಡವಾಗುತ್ತದೆ, ಅಷ್ಟೇ. ಬೆನ್ನು ನೇರವಾಗುತ್ತದೆ, ಸೀಟಿನ ಮೇಲೆ ಕೂತು ಮರಗಟ್ಟಿದ ಜಾಗಕ್ಕೆ ರಕ್ತ ಹರಿಯುತ್ತದೆ. ಆದರೆ ಉಸಿರು ಪೂರ್ತಿ ಸೋತ ಮೇಲೆ ಇಳಿಯುವುದಲ್ಲ, ಅದಕ್ಕಿಂತ ಮುಂಚೆಯೇ ಇಳಿಯಿರಿ. ಬ್ಯಾಲೆನ್ಸ್ ತಪ್ಪಿ ಬೀಳುವುದು ಆ ಕೊನೆಯ ಹತ್ತು ಮೀಟರ್‌ನಲ್ಲೇ.

ತಿನ್ನುವುದು, ಕುಡಿಯುವುದು ನಿಮಗೆ ಗೊತ್ತೇ ಇದೆ, ಚಿಕ್ಕದಾಗಿ ಹೇಳುತ್ತೇನೆ. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಸುಮಾರು 400–500 ಗ್ರಾಂ. ನಿಮ್ಮ 100 ಕೆ.ಜಿ.ಯನ್ನು 1,500 ಮೀಟರ್ ಮೇಲೆತ್ತುವುದಕ್ಕೇ ಸುಮಾರು 1,500 ಕಿಲೋಕ್ಯಾಲರಿ ಬೇಕು, ಉಳಿದ ದಾರಿಯದ್ದು ಬೇರೆ. ಹಾಗಾಗಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆಗೆ ಹೋಗುತ್ತಿರಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 27 ಗ್ರಾಂ ಇರುತ್ತದೆ. ಏರಿನಲ್ಲಿ ಏದುಸಿರು ಬಿಡುವಾಗ ಅಗಿಯಲು ಆಗುವುದಿಲ್ಲ. ಅದಕ್ಕೆ ಏರು ಬರುವ ಹದಿನೈದು ನಿಮಿಷ ಮೊದಲೇ ತಿನ್ನಿ. ನೀರು ಗುಟುಕು ಗುಟುಕಾಗಿ ಕುಡಿಯಿರಿ, ಬೆವರು ಜಾಸ್ತಿ ಇದ್ದರೆ ಅದಕ್ಕೆ ಸ್ವಲ್ಪ ಉಪ್ಪು ಹಾಕಿ.

ನೀವು ಇಳಿಜಾರಿನ ಬಗ್ಗೆ ಏನೂ ಕೇಳಿಲ್ಲ. ನನಗೆ ಮಾತ್ರ ಏರಿಗಿಂತ ಅದರ ಚಿಂತೆ ಜಾಸ್ತಿ. ಏರಿನಲ್ಲಿ ಸೋತರೆ ನಿಂತುಬಿಡಬಹುದು. ಇಳಿಜಾರಿನಲ್ಲಿ ಸೋತ ಕೈಗೆ ನಿಲ್ಲಿಸಲು ಆಗುವುದಿಲ್ಲ.

ಮೊದಲು, ಮೇಲೆ ತಲುಪಿದ ತಕ್ಷಣ ಗಾಳಿ ತಡೆಯುವ ಅಂಗಿ ಹಾಕಿಕೊಳ್ಳಿ. ಚಳಿ ಆದ ಮೇಲಲ್ಲ, ಬೆವರು ಇಳಿಯುತ್ತಿರುವಾಗಲೇ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ತಂಪು. ಅದರ ಮೇಲೆ ಒದ್ದೆ ಬಟ್ಟೆ, 40 ಕಿ.ಮೀ. ವೇಗದ ಗಾಳಿ. ಒಂದು ಸಲ ನಾನು ‘ಹತ್ತೇ ನಿಮಿಷದ ಇಳಿಜಾರು’ ಅಂತ ಅಂಗಿ ಹಾಕದೆ ಹೊರಟೆ. ಮೂರನೇ ತಿರುವಿಗೆ ಬೆರಳು ಮರಗಟ್ಟಿ, ಬ್ರೇಕ್ ಹಿಡಿಯ ಮೇಲೆ ಬೆರಳಿದೆಯಾ ಇಲ್ಲವಾ ಅಂತ ಕಣ್ಣಿಂದ ನೋಡಿ ತಿಳಿಯಬೇಕಾಯಿತು. ಹೇಗೋ ನಿಲ್ಲಿಸಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಲು ಗಂಟೆ ನಿಂತೆ. ಅವತ್ತಿನಿಂದ ಅಂಗಿ ಹಾಕಿಕೊಳ್ಳದವರನ್ನು ಗುಂಪಿನಿಂದ ಹೊರಡಲು ಬಿಡುವುದಿಲ್ಲ.

ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ. ನಿಮ್ಮ 100 ಕೆ.ಜಿ. 500 ಮೀಟರ್ ಕೆಳಗೆ ಬಂದಾಗ ಬಿಡುಗಡೆ ಆಗುವ ಶಕ್ತಿ, ಒಂದೂವರೆ ಲೀಟರ್ ನೀರನ್ನು ಕುದಿಸುವಷ್ಟು. ಅದರಲ್ಲಿ ಒಂದಷ್ಟನ್ನು ಗಾಳಿ ತಿನ್ನುತ್ತದೆ, ಉಳಿದದ್ದೆಲ್ಲ ಶಾಖವಾಗಿ ಬ್ರೇಕಿಗೆ ಹೋಗುತ್ತದೆ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಆದರೆ ರಿಮ್ ಕಾದು ಟ್ಯೂಬು ಒಡೆಯಬಹುದು. ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಆದರೆ ಹಿಡಿತ ಕಡಿಮೆಯಾಗಬಹುದು. ನೇರ ದಾರಿಯಲ್ಲಿ ಎದೆ ಎತ್ತಿ ಕೂರಿ, ಗಾಳಿಯೇ ಅರ್ಧ ಬ್ರೇಕ್ ಹಾಕುತ್ತದೆ. ತಿರುವಿನ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಬಿಡಿ. ತಿರುವಿನೊಳಗೆ ಬ್ರೇಕ್ ಬೇಡ. ಹೊರಗಿನ ಪೆಡಲ್ ಕೆಳಗಿರಲಿ, ಕಣ್ಣು ತಿರುವು ಮುಗಿಯುವ ಕಡೆ ಇರಲಿ. ಸುಟ್ಟ ವಾಸನೆ ಬಂದರೆ ನಿಂತು ಆರಲು ಬಿಡಿ, ಡಿಸ್ಕ್ ಮುಟ್ಟಬೇಡಿ.

ಇಲ್ಲೂ ಗುಂಪು ಒಡೆಯಬೇಕು. 40 ಕಿ.ಮೀ. ವೇಗದಲ್ಲಿ ಮುಂದಿನವರಿಗೂ ನಿಮಗೂ ಮೂರು ಸೆಕೆಂಡ್ ಅಂತರ ಅಂದರೆ ಮೂವತ್ತು ಮೀಟರ್‌ಗಿಂತ ಜಾಸ್ತಿ. ಅಷ್ಟಾದರೂ ಇರಲಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ. ಚೆನ್ನಾಗಿ ಹತ್ತುವವರು ಚೆನ್ನಾಗಿ ಇಳಿಯುತ್ತಾರೆ ಅಂತೇನಿಲ್ಲ, ಹೆದರಿಕೆ ಇರುವವರನ್ನು ಯಾರೂ ಹಿಂದಿನಿಂದ ಅವಸರ ಮಾಡಬಾರದು.

ದಿನದ ಲೆಕ್ಕ ಹೀಗಿದೆ. 25 ಕಿ.ಮೀ. ಏರು ಶೇ. 6ರ ಸರಾಸರಿಯಲ್ಲಿ 1,500 ಮೀಟರ್ ಆಗುತ್ತದೆ. 6.5 ಕಿ.ಮೀ. ವೇಗದಲ್ಲಿ ಅದಕ್ಕೇ ಹತ್ತಿರ ಹತ್ತಿರ ನಾಲ್ಕು ಗಂಟೆ. ಇಳಿಯಲು 50 ನಿಮಿಷ. ಉಳಿದ 40 ಕಿ.ಮೀ.ಗೆ ಎರಡೂ ಕಾಲು ಗಂಟೆ. ತುಳಿಯುವುದೇ ಏಳು ಗಂಟೆ, ನಿಲುಗಡೆ ಸೇರಿ ಒಂಬತ್ತು. ಸಮತಟ್ಟಿನ 90 ಕಿ.ಮೀ. ನಿಮಗೆ ಐದು ಗಂಟೆಯ ಕೆಲಸ ಆಗಿರಬಹುದು. ದೂರ ಒಂದೇ ಅಂತ ಅದೇ ಹೊತ್ತಿಗೆ ಹೊರಟರೆ ಕೊನೆಯ ಇಳಿಜಾರಿನಲ್ಲಿ ಕತ್ತಲಾಗುತ್ತದೆ.

ಈ ಲೆಕ್ಕ ನನ್ನದು, ನಿಮ್ಮದು ಬೇರೆ ಇರುತ್ತದೆ. ಹೊಸ ಗೇರ್ ಹಾಕಿಸಿದ ಮೇಲೆ ಎತ್ತರ ಗೊತ್ತಿರುವ ಒಂದು ಏರಿಗೆ ಒಬ್ಬರೇ ಹೋಗಿ. ಚೀಲ ಕಟ್ಟಿಕೊಂಡೇ ಹೋಗಿ. ಮಾತಾಡಲು ಆಗುವ ವೇಗದಲ್ಲಿ ಹತ್ತಿ, ಗಡಿಯಾರ ನೋಡಿಕೊಳ್ಳಿ. 200 ಮೀಟರ್ ಎತ್ತರಕ್ಕೆ 40 ನಿಮಿಷ ಹಿಡಿದರೆ ನಿಮ್ಮದು ಗಂಟೆಗೆ 300 ಮೀಟರ್, 1,500ಕ್ಕೆ ಐದು ಗಂಟೆ. ಗುಂಪು ನಡೆಸುವವರಿಗೆ ‘ನಾನು ನಿಧಾನ’ ಅಂತ ಹೇಳಬೇಡಿ, ಈ ಅಂಕಿ ಹೇಳಿ. ಎಷ್ಟು ಹೊತ್ತಿಗೆ ಹೊರಡಬೇಕು, ಜೊತೆಗೆ ಯಾರು ಹೊರಡಬೇಕು ಅಂತ ಅವರು ಅದರಿಂದಲೇ ತೀರ್ಮಾನ ಮಾಡುತ್ತಾರೆ. ಆ ಏರಿನಲ್ಲಿ ಮೊಣಕಾಲು ಮತ್ತೆ ಚುಚ್ಚಿದ ಹಾಗೆ ನೋಯಲು ಶುರುವಾದರೆ ಮಾತ್ರ ಅಲ್ಲೇ ನಿಲ್ಲಿಸಿ, ಪ್ರವಾಸಕ್ಕೆ ಮೊದಲು ವೈದ್ಯರಿಗೆ ತೋರಿಸಿ.